ಮೂರು ತಿಂಗಳ ಡಾಕ್ಟರು

ಆಸ್ಪತ್ರೆಯಿಂದ ವಾಪಸು ಬಂದವರನ್ನು ನಮ್ಮ ಹಟ್ಟಿಯಲ್ಲಿ ಕೇಳುವ ಮೊದಲ ಮಾತು, "ಮುಟ್ಟಿ ನೋಡಿದ್ರಾ?" ಯಾವ ಮಾತ್ರೆ ಕೊಟ್ರು, ಎಷ್ಟು ದುಡ್ಡಾಯ್ತು, ಮತ್ತೆ ಯಾವಾಗ ಬಾ ಅಂದ್ರು ಅನ್ನೋದೆಲ್ಲ ಆಮೇಲೆ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ನಮ್ಮಜ್ಜಿಯನ್ನು ಒಂದು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಮೇಜಿನ ಆಚೆ ಇನ್ನೂ ಮೀಸೆ ಬಲಿಯದ ಒಬ್ಬ ಪೀಜಿ ಡಾಕ್ಟರು. ಹೆಸರು ಕೇಳಿದರು, ಊರು ಕೇಳಿದರು, ಊರಲ್ಲಿ ಯಾವ ಬೀದಿ ಅಂತಲೂ ಕೇಳಿದರು. ಅಜ್ಜಿ, "ಎದೆಯೊಳಗೆ ಕುದ್ದಂಗಾಯ್ತದೆ ಸ್ವಾಮಿ" ಅಂದಳು. ಅವರು ಚೀಟಿ ಬರೆದರು. ಕೊರಳಿನ ಸ್ಟೆಥಾಸ್ಕೋಪು ಕೊರಳಲ್ಲೇ ಉಳಿಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಅಜ್ಜಿ ಬೈಯಲಿಲ್ಲ. "ಆ ಹುಡ್ಗಂಗೆ ಯಾರೂ ಹೇಳ್ಕೊಟ್ಟಿಲ್ಲ ಕಣ್ ಮಗ" ಅಂದಳು, ಅಷ್ಟೆ.

ಯಾರು ಹೇಳಿಕೊಡಬೇಕಿತ್ತು? ಏನನ್ನು ಹೇಳಿಕೊಟ್ಟಿದ್ದರು? ಡಿಗ್ರಿ ಮುಗಿಸಿ ಇಂಗ್ಲಿಷು ಓದುವ ಧೈರ್ಯ ಬಂದ ಮೇಲೆ ವೈದ್ಯಕೀಯ ಶಿಕ್ಷಣದ ನಿಯಮಗಳನ್ನು, ಸಮಿತಿಗಳ ವರದಿಗಳನ್ನು ಹುಡುಕಿ ಓದಿದ್ದು ಅಜ್ಜಿಯ ಈ ಒಂದು ಮಾತಿಗಾಗಿ. ಓದಿದ ಮೇಲೆ ತಿಳಿದದ್ದು ಇದು: ಹಳ್ಳಿಗೆ ಬೇಕಾದ ಡಾಕ್ಟರನ್ನು ತಯಾರು ಮಾಡುತ್ತೇವೆ ಎಂದು ಈ ದೇಶ ಮತ್ತೆ ಮತ್ತೆ ಬರೆದುಕೊಂಡಿದೆ. ಬರೆದಾಗಲೆಲ್ಲ ಹಳ್ಳಿಗೆ ಕೊಟ್ಟದ್ದು ಹೆಚ್ಚುಕಮ್ಮಿ ಮೂರು ತಿಂಗಳು. ಹಳ್ಳಿಯೊಳಗಿನ ಹಟ್ಟಿಗೆ ಕೊಟ್ಟದ್ದು ಏನೂ ಇಲ್ಲ.

ಈ ಕತೆಯನ್ನು ನಾನು ಶೆಟ್ಟಿಹಳ್ಳಿಯಿಂದಲೇ ಶುರು ಮಾಡುತ್ತೇನೆ. ಹಾಸನದ ಹತ್ತಿರದ ಶೆಟ್ಟಿಹಳ್ಳಿ ಈಗ ಹೆಸರಾಗಿರುವುದು ನೀರಿನಲ್ಲಿ ಮುಳುಗುವ ಇಗರ್ಜಿಯಿಂದ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ ರೋಸರಿ ಇಗರ್ಜಿ ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು, ಊರು ಎದ್ದು ಹೋಯಿತು, ಇಗರ್ಜಿ ಹಿನ್ನೀರಿನಲ್ಲಿ ನಿಂತಿತು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಬುಡದವರೆಗೂ ಕಾಣುತ್ತದೆ. ಬೆಂಗಳೂರಿನಿಂದ ಬಂದವರು ಫೋಟೋ ಹೊಡೆದುಕೊಂಡು ಹೋಗುತ್ತಾರೆ. ಆ ಕಲ್ಲಿನ ಗೋಡೆ ಎದ್ದು ಹೋದ ಮನೆಗಳ ನೆನಪು ತರುವುದು ನಮಗೆ ಮಾತ್ರ.

ಈ ಇಗರ್ಜಿಯ ಜೊತೆ ಕೆಲವರು ಅಬ್ಬೆ ದ್ಯುಬುವಾ ಎಂಬ ಫ್ರೆಂಚ್ ಪಾದ್ರಿಯ ಹೆಸರನ್ನೂ ಸೇರಿಸಿ ಹೇಳುತ್ತಾರೆ. ಈಗ ನಿಂತಿರುವ ಕಟ್ಟಡ ಏಳುವ ಎಷ್ಟೋ ವರ್ಷ ಮೊದಲೇ, 1823ರಲ್ಲಿ, ಆತ ಇಂಡಿಯಾ ಬಿಟ್ಟು ಹೋಗಿದ್ದ. ಆದರೆ ಆತನ ನೆನಪು ಈ ಕಡೆ ಉಳಿಯುವುದಕ್ಕೆ ಕಾರಣವಿದೆ. ಟಿಪ್ಪು ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು, ಕಾವಿ ತೊಟ್ಟು, ಜನರಿಂದ 'ದೊಡ್ಡ ಸ್ವಾಮಿಯೋರು' ಅನ್ನಿಸಿಕೊಂಡವನು. 1803-04ರಲ್ಲಿ ಮೈಸೂರು ಸೀಮೆಯಲ್ಲಿ 25,432 ಜನಕ್ಕೆ ಸಿಡುಬಿನ ದಾಕು ಹಾಕಿಸಿದ ಲೆಕ್ಕ ಈತನ ಹೆಸರಿನಲ್ಲಿದೆ. ನಮ್ಮ ಸೀಮೆಯ ಸಾಮಾನ್ಯ ಜನರ ಮೈ ಹೊಸ ವೈದ್ಯವನ್ನು ಕಂಡದ್ದು ಹೆಚ್ಚುಕಮ್ಮಿ ಇಲ್ಲಿಂದ.

ಆಗ ಶೀಶೆಯಲ್ಲಿ ತುಂಬಿಟ್ಟ ಔಷಧ ಇರಲಿಲ್ಲ. ದಾಕು ಹಾಕಿದ ಒಂದು ಮಗುವಿನ ತೋಳಿನ ಮೇಲೆ ಎದ್ದ ಗುಳ್ಳೆಯ ರಸ ತೆಗೆದು ಇನ್ನೊಂದು ತೋಳಿಗೆ ಹಚ್ಚುತ್ತಿದ್ದರು. ತೋಳಿನಿಂದ ತೋಳಿಗೆ, ಊರಿನಿಂದ ಊರಿಗೆ. ರಸ ಹೊರುವ ತೋಳಿಗೆ ಸಿಗುತ್ತಿದ್ದವರು ಬಹುಮಟ್ಟಿಗೆ ಬಡವರ ಮಕ್ಕಳು, ಕೆಳಜಾತಿಯ ಮಕ್ಕಳು. ಆ ಮಕ್ಕಳ ಮೈಯಿಂದ ಬಂದ ರಸ ಬೇಡ ಎಂದು ಮೇಲುಜಾತಿಯವರು ತಕರಾರು ತೆಗೆದದ್ದನ್ನು ಕಂಪನಿ ಕಾಲದ ಚರಿತ್ರೆ ಬರೆದವರು ದೇಶದ ಹಲವು ಕಡೆಯಿಂದ ದಾಖಲಿಸಿದ್ದಾರೆ. ಜೀವ ಉಳಿಸುವ ರಸ ಬೇಕು, ಹೊತ್ತ ತೋಳು ಬೇಡ! ಅದೇ ಹೊತ್ತಿಗೆ, 1805ರ ಸುಮಾರಿನಲ್ಲಿ, ಥಾಮಸ್ ಹಿಕಿ ಎಂಬ ಚಿತ್ರಕಾರ ಮೈಸೂರಿನ ರಾಣಿಯರ ಒಂದು ಚಿತ್ರ ಬರೆದ. ಅದರಲ್ಲಿ ಒಬ್ಬ ರಾಣಿ ಸೆರಗು ಸರಿಸಿ ದಾಕು ಹಾಕಿಸಿಕೊಂಡ ತೋಳನ್ನು ತೋರಿಸುತ್ತಿದ್ದಾಳೆ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ರಾಣಿಯ ತೋಳಿಗೆ ಚಿತ್ರಪಟ ಸಿಕ್ಕಿತು. ರಸ ಹೊತ್ತ ಮಕ್ಕಳಲ್ಲಿ ಒಂದರ ಹೆಸರೂ ನನಗೆ ಎಲ್ಲೂ ಸಿಗಲಿಲ್ಲ. ದ್ಯುಬುವಾ ಪಾದ್ರಿಯೇನೂ ನಮ್ಮ ಬಂಧುವಲ್ಲ. ಹಿಂದೂಗಳ ಆಚಾರ ವಿಚಾರದ ಬಗ್ಗೆ ಅವನು ಬರೆದ ಪುಸ್ತಕದಲ್ಲಿ ಹೊಲೆಯರ ಮೇಲೆ ಕನಿಕರವೂ ಇದೆ, ಹೇಸಿಗೆಯೂ ಇದೆ.

ನಮ್ಮ ಮೈ ವೈದ್ಯಕ್ಕೆ ಪಾತ್ರೆಯಾದದ್ದು ಅಲ್ಲಿಗೇ ನಿಲ್ಲಲಿಲ್ಲ. 1957ರ ಅನಾಟಮಿ ಕಾಯ್ದೆಯನ್ನು ಓದಿ ನೋಡಿ. ಯಾರೂ ಕೇಳಿಕೊಂಡು ಬಾರದ ಹೆಣವನ್ನು ಮೆಡಿಕಲ್ ಕಾಲೇಜಿಗೆ ಕೊಡಬಹುದು ಎನ್ನುತ್ತದೆ. ಯಾರೂ ಕೇಳಿಕೊಂಡು ಬಾರದ ಹೆಣ ಯಾರದು? ಬಸ್‌ಸ್ಟ್ಯಾಂಡಿನಲ್ಲಿ ಸತ್ತವರದು, ಹೆಣ ಒಯ್ಯಲು ಗಾಡಿಗೆ ದುಡ್ಡಿಲ್ಲದವರದು. ಡಾಕ್ಟರಾಗಲು ಬಂದ ಹುಡುಗ ಹುಡುಗಿಯರ ಮೊದಲ ಮೇಷ್ಟ್ರು ಇವರೇ. ಆಮೇಲಿನ ಮೇಷ್ಟ್ರುಗಳು ಜನರಲ್ ವಾರ್ಡಿನಲ್ಲಿ ಮಲಗಿದವರು. ಕಾಲೇಜಿಗೆ ಮಾನ್ಯತೆ ಕೊಡುವಾಗ ಹಾಸಿಗೆ ಎಷ್ಟು, ಅದರಲ್ಲಿ ಎಷ್ಟು ತುಂಬಿವೆ, ಹೊರರೋಗಿಗಳು ದಿನಕ್ಕೆ ಎಷ್ಟು ಎಂದು ಎಣಿಸುತ್ತಾರಲ್ಲ, ಆ ಎಣಿಕೆಯಲ್ಲಿ ಇರುವವರು ನಾವು. 2006ರಲ್ಲಿ ಹಾಸನಕ್ಕೆ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಬಂತು. ನಮ್ಮ ತಾತಂದಿರು ದೊಡ್ಡಾಸ್ಪತ್ರೆ ಎನ್ನುತ್ತಿದ್ದ ಶ್ರೀ ಚಾಮರಾಜೇಂದ್ರ ಆಸ್ಪತ್ರೆಯೇ ಅದರ ಕಲಿಕೆಯ ಆಸ್ಪತ್ರೆಯಾಯಿತು. ಬಂದದ್ದು ಒಳ್ಳೆಯದೇ. ಮೈಸೂರು, ಬೆಂಗಳೂರಿಗೆ ಆಂಬುಲೆನ್ಸಿನಲ್ಲಿ ಜೀವ ಹಿಡಿದುಕೊಂಡು ಓಡಿದ ಮನೆಗಳಿಗೆ ಅದರ ಬೆಲೆ ಗೊತ್ತು. ಆದರೆ ಅಲ್ಲಿ ನಾವು ರೋಗಿಗಳು ಹೇಗೋ ಹಾಗೆ ಪಠ್ಯವೂ ಹೌದು. ನಮ್ಮನ್ನು ಓದಿ ಪಾಸಾದವರು ಏನು ಕಲಿತರು ಎಂದು ಕೇಳುವ ಹಕ್ಕು ನಮಗಿದೆ.

ಮೈಸೂರು ಸಂಸ್ಥಾನ 1917ರಲ್ಲಿ ಬೆಂಗಳೂರಿನಲ್ಲಿ ವೈದ್ಯಕೀಯ ಶಾಲೆ ತೆರೆಯಿತು. 1924ರಲ್ಲಿ ಅದು ಕಾಲೇಜಾಯಿತು, 1930ರಲ್ಲಿ ಮೈಸೂರಿಗೆ ಹೋಯಿತು. ಶಾಲೆಯಲ್ಲಿ ಕಲಿತವರು ಎಲ್‌ಎಂಪಿ ಡಾಕ್ಟರು, ಕಾಲೇಜಿನಲ್ಲಿ ಕಲಿತವರು ಎಂಬಿಬಿಎಸ್. ನಮ್ಮ ಅಪ್ಪಂದಿರ ಅಪ್ಪಂದಿರು ಕಂಡ ಸರ್ಕಾರಿ ಡಾಕ್ಟರು ಬಹಳ ಕಡೆ ಈ ಎಲ್‌ಎಂಪಿಗಳೇ. ಇದೇ ಸಂಸ್ಥಾನ 1930ರ ದಶಕದಲ್ಲಿ ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್ ಜೊತೆ ಸೇರಿ, ಆಗ ಕ್ಲೋಸ್‌ಪೇಟೆ ಎನ್ನುತ್ತಿದ್ದ ರಾಮನಗರದಲ್ಲಿ ಗ್ರಾಮೀಣ ಆರೋಗ್ಯ ಘಟಕ ತೆರೆಯಿತು. ಹಳ್ಳಿಯೇ ತರಗತಿ ಎನ್ನುವ ಮಾತು ಅಲ್ಲಿ ಒಂದಿಷ್ಟು ಕಾರ್ಯಕ್ಕೆ ಬಂತು.

1943ರಲ್ಲಿ ಭೋರ್ ಸಮಿತಿ ನೇಮಕವಾಯಿತು, 1946ರಲ್ಲಿ ವರದಿ ಕೊಟ್ಟಿತು. ಆ ಹೊತ್ತಿಗೆ ದೇಶದಲ್ಲಿ ನೋಂದಾಯಿಸಿದ ಡಾಕ್ಟರು ಸುಮಾರು 47,500. ಪದವೀಧರರು ಅದರಲ್ಲಿ 17,600ರಷ್ಟು. ಉಳಿದ ಹತ್ತಿರ ಹತ್ತಿರ 30,000 ಜನ ಎಲ್‌ಎಂಪಿಯಂಥ ಲೈಸೆನ್ಸಿನವರು. ಸಮಿತಿ ಲೈಸೆನ್ಸಿನ ಕೋರ್ಸು ನಿಲ್ಲಿಸಿ, ದೇಶಕ್ಕೆಲ್ಲ ಒಂದೇ ದರ್ಜೆಯ ಡಾಕ್ಟರು ಇರಲಿ ಎಂದಿತು. ಕೆಲವು ಸದಸ್ಯರು ಭಿನ್ನಮತ ಬರೆದರು, ಇವರನ್ನು ನಿಲ್ಲಿಸಿದರೆ ಹಳ್ಳಿಗೆ ಯಾರು ಹೋಗುತ್ತಾರೆ ಎಂದು. ಈ ಜಗಳದಲ್ಲಿ ನಾನು ಯಾರ ಕಡೆ ಎಂದು ಸುಲಭವಾಗಿ ಹೇಳಲಾರೆ. ಪಟ್ಟಣಕ್ಕೆ ಮೊದಲ ದರ್ಜೆ, ಹಳ್ಳಿಗೆ ಎರಡನೇ ದರ್ಜೆ ಎನ್ನುವುದು ಹೋಟೆಲಿನಲ್ಲಿ ನಮಗಿಟ್ಟ ಬೇರೆ ಲೋಟದ ಹಾಗೆಯೇ. ಅದು ಹೋಗಬೇಕಾದ್ದೇ. ಆದರೆ ಬೇರೆ ಲೋಟ ತೆಗೆದವರು ನಮಗೂ ಒಳಗಿನ ಲೋಟದಲ್ಲಿ ಕಾಫಿ ಕೊಡಬೇಕಿತ್ತು. ಲೋಟವನ್ನೇ ತೆಗೆದುಬಿಟ್ಟರು.

ಆ ಒಂದೇ ದರ್ಜೆಯ ಡಾಕ್ಟರು 'ಸಾಮಾಜಿಕ ವೈದ್ಯ' ಆಗಬೇಕು ಎಂದೂ ಭೋರ್ ಸಮಿತಿ ಹೇಳಿತು. ಅದಕ್ಕೆ ರೋಗ ತಡೆ ಮತ್ತು ಸಾಮಾಜಿಕ ವೈದ್ಯದಲ್ಲಿ ತರಬೇತಿ ಎಷ್ಟು? ಮೂರು ತಿಂಗಳು.

ಇದಾಗಿ ಸುಮಾರು ಮೂವತ್ತು ವರ್ಷಕ್ಕೆ, 1975ರಲ್ಲಿ, ಶ್ರೀವಾಸ್ತವ ಸಮಿತಿ ಬಂದು, ಕಲಿಕೆಯೆಲ್ಲ ದೊಡ್ಡ ಆಸ್ಪತ್ರೆಯ ಗೋಡೆಗೆ ಅಂಟಿಕೊಂಡಿದೆ, ಜನರ ಬದುಕಿಗೂ ಇದಕ್ಕೂ ಸಂಬಂಧ ತಪ್ಪಿದೆ ಎಂದು ಒಪ್ಪಿಕೊಂಡಿತು. 1977ರಲ್ಲಿ ಪ್ರತಿ ಮೆಡಿಕಲ್ ಕಾಲೇಜೂ ಮೂರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹೊಣೆ ಹೊರಬೇಕೆಂಬ 'ರೋಮ್' ಯೋಜನೆ ಬಂತು, ವ್ಯಾನುಗಳು ಬಂದವು. ಕೆಲವೇ ವರ್ಷಗಳಲ್ಲಿ ಯೋಜನೆ ಸೊರಗಿತು.

ಸರ್ಕಾರದ ಪುಸ್ತಕದ ಹೊರಗೆ ನಡೆದ ಪ್ರಯತ್ನಗಳನ್ನು ಮರೆತರೆ ನಾವು ಕೃತಘ್ನರಾಗುತ್ತೇವೆ. ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನವರು 1973ರಲ್ಲಿ, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರಿನಲ್ಲಿ, ಹಾಲಿನ ಸೊಸೈಟಿಯ ಜೊತೆ ಸೇರಿ ಆರೋಗ್ಯ ಸಹಕಾರ ಕಟ್ಟಿದರು. ಡೇರಿಗೆ ಹಾಕಿದ ಹಾಲಿನ ಲೀಟರಿಗೆ ಇಷ್ಟು ಪೈಸೆ ಎಂದು ಹಿಡಿದು ಆಸ್ಪತ್ರೆ ನಡೆಸುವ ಲೆಕ್ಕ. ವಿದ್ಯಾರ್ಥಿಗಳಿಗೆ ಅಲ್ಲೇ ಕಲಿಕೆ. ಬಹಳ ಚಂದದ ಲೆಕ್ಕ. ಆದರೂ ನನ್ನಂಥವನ ತಲೆಗೆ ಮೊದಲು ಬರುವ ಪ್ರಶ್ನೆ, ಹಸು ಇಲ್ಲದವನ ಪೈಸೆ ಯಾವುದರಲ್ಲಿ ಹಿಡೀತಾರೆ? ಹಸು ಇದ್ದೂ, ಹಟ್ಟಿಯವರ ಹಾಲು ಡೇರಿಯಲ್ಲಿ ಬೇಡ ಎನ್ನಿಸಿಕೊಂಡವರು ಏನು ಮಾಡ್ತಾರೆ? ಡಾ. ಎಚ್. ಸುದರ್ಶನ್ 1980ರ ದಶಕದ ಆರಂಭದಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ಹೋಗಿ ಕೂತರು. 1984ರಲ್ಲಿ ಮೈಸೂರಿನ ಕೆಲವು ಮೆಡಿಕಲ್ ವಿದ್ಯಾರ್ಥಿಗಳು ಕಟ್ಟಿದ ಸಂಘಟನೆ ಮುಂದೆ ಹೆಗ್ಗಡದೇವನಕೋಟೆಯ ಕಾಡಿನ ಜನರ ಹತ್ತಿರ ಹೋಯಿತು. ಇವರೆಲ್ಲ ಪಠ್ಯಕ್ರಮ ತಯಾರಿಸಿದ ಡಾಕ್ಟರುಗಳಲ್ಲ, ಪಠ್ಯಕ್ರಮದಿಂದ ತಪ್ಪಿಸಿಕೊಂಡು ಹೋದವರು.

ನನಗೆ ಹೆಚ್ಚು ಮುಖ್ಯ ಅನ್ನಿಸಿದ್ದು ಬೆಂಗಳೂರಿನ ಕಮ್ಯೂನಿಟಿ ಹೆಲ್ತ್ ಸೆಲ್ 1990ರ ದಶಕದ ಆರಂಭದಲ್ಲಿ ಮಾಡಿದ ಕೆಲಸ. ಓದು ಮುಗಿಸಿ ದೂರದ ಸಣ್ಣ ಆಸ್ಪತ್ರೆಗಳಲ್ಲಿ ದುಡಿದ ತರುಣ ಡಾಕ್ಟರುಗಳನ್ನೇ ಅವರು ಕೇಳಿದರು: ನಿಮಗೆ ಕಲಿಸಿದ್ದರಲ್ಲಿ ಏನು ಉಪಯೋಗಕ್ಕೆ ಬಂತು, ಏನು ಬರಲಿಲ್ಲ? ಮೇಲಿನಿಂದ ಇನ್‌ಸ್ಪೆಕ್ಷನ್ ಮಾಡುವ ಬದಲು ಕಲಿತವರ ಅನುಭವದಿಂದ ಪಠ್ಯವನ್ನು ತೂಗಿದ್ದು ದೊಡ್ಡ ಮಾತು. ಇನ್ನೊಂದು ಹೆಜ್ಜೆ ಬಾಕಿ ಇತ್ತು. ಅದು ಚಿಕಿತ್ಸೆ ಪಡೆದವರನ್ನು ಕೇಳುವುದು.

ಈಗ ಪೀಜಿ ಡಾಕ್ಟರುಗಳ ಕಡೆಗೆ ಬರೋಣ. ಎಂಬಿಬಿಎಸ್ ಆದ ಮೇಲೆ ಮೂರು ವರ್ಷ ಆಸ್ಪತ್ರೆಯಲ್ಲೇ ದುಡಿಯುತ್ತ ತಜ್ಞರಾಗುವವರು ಇವರು. ಕಾಲೇಜು ಆಸ್ಪತ್ರೆಯಲ್ಲಿ ರಾತ್ರಿ ಹೆರಿಗೆ ಮಾಡಿಸುವವರು, ಎಮರ್ಜೆನ್ಸಿಯಲ್ಲಿ ಮೊದಲು ಎದುರಾಗುವವರು, ಬೈಯುವವರು, ಬೈಸಿಕೊಳ್ಳುವವರು ಇವರೇ. ಕೇಂದ್ರ ಸರ್ಕಾರದ 1992ರ ರೆಸಿಡೆನ್ಸಿ ಆದೇಶ ಇವರ ದುಡಿಮೆ ಮಾಮೂಲಾಗಿ ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದು ಎಂದಿತ್ತು. 2023ರ ಸ್ನಾತಕೋತ್ತರ ನಿಯಮದಲ್ಲಿ ಗಂಟೆಯ ಲೆಕ್ಕ ಕಾಣುವುದಿಲ್ಲ, 'ಸಮಂಜಸವಾದ' ದುಡಿಮೆ ಎಂಬ ಮಾತಿದೆ. 2024ರಲ್ಲಿ ವೈದ್ಯಕೀಯ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರದಿರಲಿ ಎಂದು ಶಿಫಾರಸು ಮಾಡಿತು. 48ರಿಂದ 74! ಅದೂ ಸುಧಾರಣೆಯ ಹೆಸರಿನಲ್ಲಿ. ಅದೇ 2024ರ ಆಗಸ್ಟಿನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ, ಪಾಳಿಯ ನಡುವೆ ಸೆಮಿನಾರ್ ಹಾಲಿನಲ್ಲಿ ಮಲಗಿದ್ದ ಪೀಜಿ ವೈದ್ಯೆಯ ಮೇಲೆ ಅತ್ಯಾಚಾರವಾಗಿ ಕೊಲೆಯಾಯಿತು. ಮಲಗಲು ಆಕೆಗೆ ಬೇರೆ ಜಾಗವಿರಲಿಲ್ಲವೇ ಎಂದು ದೇಶ ಆಗ ಕೇಳಿತು. ನಮ್ಮಜ್ಜಿಯ ಕಡೆ ಕತ್ತೆತ್ತಿ ನೋಡದ ಆ ಹುಡುಗ ಎಷ್ಟು ಗಂಟೆಯಿಂದ ನಿದ್ದೆಗೆಟ್ಟಿದ್ದನೋ ಎಂದು ನಾನು ಯೋಚಿಸಿದ್ದು ಇದನ್ನೆಲ್ಲ ಓದಿದ ಮೇಲೆ. ಆದರೆ ನಿದ್ದೆಗೆಟ್ಟವನೂ 'ಯಾವ ಬೀದಿ' ಎಂದು ಕೇಳುವುದನ್ನು ಮರೆಯಲಿಲ್ಲ ಎನ್ನುವುದೂ ನನಗೆ ನೆನಪಿದೆ.

ಜಾತಿ ಆಸ್ಪತ್ರೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬರುವುದಿಲ್ಲ. ದೆಹಲಿಯ ಏಮ್ಸ್‌ನಲ್ಲಿ ದಲಿತ ಆದಿವಾಸಿ ವಿದ್ಯಾರ್ಥಿಗಳ ಸ್ಥಿತಿ ನೋಡಲು ನೇಮಿಸಿದ ಸುಖದೇವ್ ಥೋರಟ್ ಸಮಿತಿ 2007ರಲ್ಲಿ ವರದಿ ಕೊಟ್ಟಿತು. ಹಾಸ್ಟೆಲು, ಮೆಸ್ಸು, ತರಗತಿ, ಪ್ರಾಯೋಗಿಕ ಪರೀಕ್ಷೆ, ವೈವಾ, ಎಲ್ಲ ಕಡೆಯ ಭೇದವನ್ನೂ ವಿದ್ಯಾರ್ಥಿಗಳು ಸಮಿತಿಯ ಮುಂದೆ ಹೇಳಿಕೊಂಡಿದ್ದರು. 2019ರ ಮೇ 22ರಂದು ಮುಂಬೈನ ನಾಯರ್ ಆಸ್ಪತ್ರೆಯಲ್ಲಿ ಹೆರಿಗೆ ವಿಭಾಗದ ಪೀಜಿ, ತಡವಿ ಭಿಲ್ ಸಮುದಾಯದ ಡಾ. ಪಾಯಲ್ ತಡವಿ ಆತ್ಮಹತ್ಯೆ ಮಾಡಿಕೊಂಡರು. ಜಾತಿ ಹಿಡಿದು ಕಿರುಕುಳ ಕೊಟ್ಟರೆಂದು ಸೀನಿಯರುಗಳ ಮೇಲೆ ಮೊಕದ್ದಮೆ ಹೂಡಲಾಯಿತು. ರೆಸಿಡೆನ್ಸಿಯಲ್ಲಿ ಕೆಲಸ ಕಲಿಯುವುದು ಸೀನಿಯರಿನಿಂದ. ಆಪರೇಷನ್ ಥಿಯೇಟರಿಗೆ ಯಾರನ್ನು ಒಳಗೆ ಬಿಡಬೇಕು, ಚಾಕು ಯಾರ ಕೈಗೆ ಕೊಡಬೇಕು ಎನ್ನುವುದೆಲ್ಲ ಸೀನಿಯರ ಕೈಯಲ್ಲಿ. ಅಲ್ಲಿ ಜಾತಿ ಹೊಕ್ಕರೆ ಪಠ್ಯಪುಸ್ತಕ ಏನು ಮಾಡೀತು?

ಹಳ್ಳಿಗೆ ಡಾಕ್ಟರನ್ನು ಕಳಿಸಲು ಕರ್ನಾಟಕ 2012ರಲ್ಲಿ ಕಾಯ್ದೆ ಮಾಡಿತು, ಓದು ಮುಗಿಸಿದವರಿಗೆ ಒಂದು ವರ್ಷ ಕಡ್ಡಾಯ ಸೇವೆ. ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆದಾಡಿ 2019ರಲ್ಲಿ ಹೈಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. 2023ರಲ್ಲಿ ಸರ್ಕಾರವೇ, ಖಾಲಿ ಹುದ್ದೆ ಇದ್ದಷ್ಟಕ್ಕೆ ಎಂದು ಅದನ್ನು ಸಡಿಲಿಸಿತು. ಇನ್ನು ಕೇಂದ್ರದ ಕಡೆಯಿಂದ 2020ರ ಸೆಪ್ಟೆಂಬರಿನಲ್ಲಿ ಜಿಲ್ಲಾ ರೆಸಿಡೆನ್ಸಿ ಬಂತು. ಎಂಡಿ, ಎಂಎಸ್ ಓದುವ ಪ್ರತಿಯೊಬ್ಬರೂ ನಡುವಿನ ಸೆಮಿಸ್ಟರುಗಳಲ್ಲಿ ಜಿಲ್ಲೆಯ ಆರೋಗ್ಯ ವ್ಯವಸ್ಥೆಯೊಳಗೆ ಹೋಗಿ ದುಡಿದು ಕಲಿಯಬೇಕು. ಎಷ್ಟು ದಿನ? ಮೂರು ತಿಂಗಳು. 2021ರ ಇಂಟರ್ನ್‌ಶಿಪ್ ನಿಯಮ ನೋಡಿದೆ. ಸಮುದಾಯ ವೈದ್ಯಕ್ಕೆ 12 ವಾರ. ಭೋರ್ ಸಮಿತಿಯಿಂದ ಎಪ್ಪತ್ತೈದು ವರ್ಷ ನಡೆದು ಬಂದರೂ ನಮ್ಮ ಪಾಲು ಕೂದಲೆಳೆಯಷ್ಟೂ ಬೆಳೆದಿಲ್ಲ.

ಜಿಲ್ಲಾ ರೆಸಿಡೆನ್ಸಿಯನ್ನು ನಾನು ಹಳಿಯುವುದಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವವರು ಒಬ್ಬರು ಹೆಚ್ಚಿಗೆ ಇದ್ದರೆ ಎಷ್ಟು ಬಸುರಿಯರು ಹಾಸನದ ರಸ್ತೆ ಹಿಡಿಯುವುದು ತಪ್ಪುತ್ತದೆ ಎನ್ನುವುದು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗರಿಗೆ ವಿವರಿಸಬೇಕಿಲ್ಲ. ಕಲಿಯುವವರಿಗೂ ಲಾಭವಿದೆ. ಎಲ್ಲ ಮಿಷನ್ನು ಇರುವ ಕಡೆ ಕಲಿತವರು, ಇಲ್ಲದ ಕಡೆ ಕೈ ಮತ್ತು ಕಿವಿಯನ್ನು ನಂಬಲು ಕಲಿಯುತ್ತಾರೆ. ಪ್ರಶ್ನೆ ಇರುವುದು ಅಳತೆಯಲ್ಲಿ. ಈ ಮೂರು ತಿಂಗಳನ್ನು ತೃಪ್ತಿಕರವಾಗಿ ಮುಗಿಸಿದರೆ ಮಾತ್ರ ಅಂತಿಮ ಪರೀಕ್ಷೆಗೆ ಕೂರಬಹುದು. ತೃಪ್ತಿ ಯಾರದು? ಲಾಗ್‌ಬುಕ್ಕಿಗೆ ಸಹಿ ಹಾಕುವವರು ಮೇಲಿನವರು. ಎಷ್ಟು ದಿನ ಬಂದರು, ಎಷ್ಟು ಕೇಸು ನೋಡಿದರು ಎನ್ನುವುದು ಅದರಲ್ಲಿ ಬರುತ್ತದೆ. ಯಾರನ್ನು ನೋಡದೆ ಬಿಟ್ಟರು ಎನ್ನುವುದು ಬರುವುದಿಲ್ಲ.

ಬಿಟ್ಟವರು ಇದ್ದಾರೆಯೇ? 2006ರಲ್ಲಿ ಘನಶ್ಯಾಮ್ ಶಾ, ಹರ್ಷ ಮಂದರ್, ಥೋರಟ್ ಮತ್ತಿತರರು ಸೇರಿ ಪ್ರಕಟಿಸಿದ ಗ್ರಾಮೀಣ ಅಸ್ಪೃಶ್ಯತೆಯ ಅಧ್ಯಯನ 11 ರಾಜ್ಯಗಳ 565 ಹಳ್ಳಿಗಳದ್ದು. ಅದರಲ್ಲಿ ಮೂರಕ್ಕೊಂದು ಹಳ್ಳಿಯಲ್ಲಿ ಆರೋಗ್ಯ ಕಾರ್ಯಕರ್ತರು ದಲಿತರ ಮನೆಗೆ ಹೋಗುತ್ತಿರಲಿಲ್ಲ. ನಮ್ಮ ಜಿಲ್ಲೆಗೇ ಬನ್ನಿ. ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ 2015ರಲ್ಲಿ ದಲಿತ ಹೆಂಗಸರು ದೇವಸ್ಥಾನಕ್ಕೆ ಹೋದರೆಂದು ದಂಡ ಹಾಕಿದರು. ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನಲ್ಲಿ ದಲಿತರು ಗುಡಿಯೊಳಗೆ ಕಾಲಿಡಲು 2021ರವರೆಗೆ ಕಾಯಬೇಕಾಯಿತು. ಇಂಥ ಊರುಗಳಿಗೆ ಬರುವ ತರುಣ ಡಾಕ್ಟರಿಗೆ ಊರಿನ ನೀರಿನ ಟ್ಯಾಂಕು ಯಾರ ಬೀದಿಗೆ ಮೊದಲು ತಿರುಗುತ್ತದೆ, ಅಂಗನವಾಡಿ ಯಾರ ಮನೆಯ ಹತ್ತಿರ ಇದೆ, ಹಟ್ಟಿಯ ಬಾಣಂತಿ ಯಾಕೆ ತಡವಾಗಿ ಬಂದಳು ಎಂದು ಕಲಿಸಿದ್ದೀರಾ? 2019ರಿಂದ ಎಂಬಿಬಿಎಸ್‌ಗೆ ನಡತೆ, ನೀತಿ, ಸಂವಹನ ಎಂಬ ಹೊಸ ಪಾಠ ಸೇರಿದೆ. ರೋಗಿಯ ಜೊತೆ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕು ಎನ್ನುತ್ತದೆ. ಒಳ್ಳೆಯದು. ಸರ್ವೆ ಫಾರಂನಲ್ಲಿ ಜಾತಿಗೊಂದು ಕಾಲಂ ಕೂಡ ಇದೆ. ಆದರೆ ಅಸ್ಪೃಶ್ಯತೆ ರೋಗಕ್ಕೆ ಹೇಗೆ ಕಾರಣವಾಗುತ್ತದೆ ಎಂಬ ಒಂದು ಪ್ರಶ್ನೆ ನಾನು ತಿರುವಿ ಹಾಕಿದ ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಕಾಣಲಿಲ್ಲ. 2021-22ರ ತಂಡದಿಂದ ವಿದ್ಯಾರ್ಥಿಗಳು ಹಳ್ಳಿಯ ಕುಟುಂಬಗಳನ್ನು 'ದತ್ತು' ತೆಗೆದುಕೊಳ್ಳುತ್ತಿದ್ದಾರೆ. ಹದಿನೆಂಟರ ಹುಡುಗ ಎಪ್ಪತ್ತರ ನಮ್ಮಜ್ಜಿಯನ್ನು ದತ್ತು ತೆಗೆದುಕೊಳ್ಳುವುದಂತೆ! ಈ ಮಾತು ಹುಟ್ಟಿಸಿದವರು ನಮ್ಮನ್ನು ಅನಾಥರು ಅಂದುಕೊಂಡರೋ ಏನೋ.

ಹೋದ ವರ್ಷ ನಮ್ಮ ಸೀಮೆಯ ಒಂದು ಆಸ್ಪತ್ರೆಯಲ್ಲಿ ಜಿಲ್ಲಾ ರೆಸಿಡೆನ್ಸಿಗೆ ಬಂದಿದ್ದ ಪೀಜಿ ಒಬ್ಬರ ಪರಿಚಯವಾಯಿತು. ಟೀ ಅಂಗಡಿಯಲ್ಲಿ ಕೂತು ಕೇಳಿದೆ, ಈ ಮೂರು ತಿಂಗಳಲ್ಲಿ ಎಷ್ಟು ಹಟ್ಟಿಗಳೊಳಕ್ಕೆ ಹೋಗಿದ್ರಿ ಸಾರ್ ಎಂದು. ಲಾಗ್‌ಬುಕ್ಕು ತೆಗೆದು ತೋರಿಸಿದರು. ಕ್ಯಾಂಪಿನ ತಾರೀಖುಗಳಿದ್ದವು. ಎಲ್ಲ ಕ್ಯಾಂಪೂ ಊರ ಮುಂದಿನ ಸ್ಕೂಲಿನಲ್ಲಿ, ಸಮುದಾಯ ಭವನದಲ್ಲಿ. "ಜೀಪು ಅಲ್ಲಿಗೇ ನಿಲ್ಸಿಬಿಡ್ತಾರೆ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನ ಊರು, ಅಪ್ಪನ ಕೆಲಸ ವಿಚಾರಿಸಿದರು. ಆಮೇಲೆ ದನಿ ತಗ್ಗಿಸಿ, "ನಾನೂ ಹಟ್ಟಿಯವನೇ" ಅಂದರು. ಡಿಪಾರ್ಟ್‌ಮೆಂಟಿನಲ್ಲಿ ಯಾರಿಗೂ ಹೇಳಿಲ್ಲವಂತೆ. ಇನ್ನೊಂದು ವರ್ಷ, ಪರೀಕ್ಷೆ ಮುಗಿಯುವವರೆಗೆ ಹೇಳುವುದೂ ಇಲ್ಲವಂತೆ. ಹಟ್ಟಿಯಲ್ಲಿ ಬೆಳೆದ ಈ ಡಾಕ್ಟರಿಗೆ ಜ್ವರದ ಜೊತೆ ಸೂರು, ಚರಂಡಿ, ಕೂಲಿಯ ದಿನ ಎಲ್ಲ ಕಾಣುತ್ತದೆ. ಅದನ್ನು ತರಗತಿಯಲ್ಲಿ ಹೇಳಿದರೆ ತಾನು ಯಾರೆಂದು ತಿಳಿದುಬಿಡುತ್ತದೆ ಎಂಬ ಭಯ. ಗೊತ್ತಿರುವ ಒಬ್ಬನೇ ಒಬ್ಬ ಬಾಯಿ ಮುಚ್ಚಿಕೊಂಡು ಪಾಸಾಗಬೇಕು!

ಗೆಳೆಯರೆ, ಈ ಲಾಗ್‌ಬುಕ್ಕನ್ನು ನಾವು ಸುಮ್ಮನೆ ಬಿಡಬಾರದು. ಅದರಲ್ಲಿ ಆಶಾ ಅಕ್ಕನ ಒಂದು ಸಹಿ, ವಾರ್ಡು ಗುಡಿಸುವ ಅವ್ವನ ಒಂದು ಮಾತು, ನೋಡಿಸಿಕೊಂಡ ನಾಲ್ಕು ಜನರ ಹೆಬ್ಬೆಟ್ಟು ಇರಲಿ ಎಂದು ವಿಶ್ವವಿದ್ಯಾಲಯಕ್ಕೂ ವೈದ್ಯಕೀಯ ಆಯೋಗಕ್ಕೂ ಬರೆಯಬೇಕು. ಕ್ಯಾಂಪು ಎಲ್ಲಿ ನಡೆಯಿತು, ಹಟ್ಟಿಯಿಂದ ಎಷ್ಟು ದೂರ ಎಂಬ ಒಂದು ಸಾಲು ಸೇರಲಿ. ಅದು ಆಗುವಷ್ಟರಲ್ಲಿ ಹಳ್ಳಿಯ ಮೇಷ್ಟ್ರುಗಳು ಒಂದು ಕೆಲಸ ಮಾಡಬಹುದು. ನಿಮ್ಮ ಸ್ಕೂಲಿನಲ್ಲಿ ಕ್ಯಾಂಪು ಹಾಕಿದ ದಿನ, ಊಟದ ಹೊತ್ತಿಗೆ ಆ ಹುಡುಗ ಹುಡುಗಿಯರನ್ನು ಕರೆದುಕೊಂಡು ಹಟ್ಟಿಗೆ ನಡೆಯಿರಿ. ನಮ್ಮ ಕಡೆ ಬಂದರೆ ಕಾಫಿ ನಮ್ಮ ಮನೆಯಲ್ಲಿ. ನಮ್ಮಜ್ಜಿ ಈಗಿಲ್ಲ. ಅವ್ವನಿಗೆ ಮಂಡಿನೋವಿದೆ, ಕೂತರೆ ಏಳಲಾಗುವುದಿಲ್ಲ, ಮುಟ್ಟಿ ನೋಡಲಿ.